ಗುಡುಗು ಕೇಳಿಸಿತೇ? ಒಳಗೆ ನಡೆಯಿರಿ: ಕೊಡಗಿನ ಮಕ್ಕಳಿಗೆ ಸಿಡಿಲಿನ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಮಳೆ ಎಂದರೆ ಎಲ್ಲರ ನೆನಪಿಗೆ ಬರುವುದು ಕಕ್ಕಡದ ಮಳೆ. ಹೊಳೆ ಉಕ್ಕುವುದು, ಬರೆ ಕುಸಿಯುವುದು, ಶಾಲೆಗೆ ರಜೆ ಕೊಡುವುದು ಎಲ್ಲ ಆಗಲೇ. ಸಿಡಿಲಿನ ಮಟ್ಟಿಗೆ ಮಾತ್ರ ಜುಲೈ, ಆಗಸ್ಟ್ ಸೌಮ್ಯ ತಿಂಗಳುಗಳು. ಸಿಡಿಲಿನ ಕಾಲ ಬೇರೆಯೇ ಇದೆ. ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ಒಂದು ಸರದಿ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಇನ್ನೊಂದು. ಕಾಫಿ ಬೆಳೆಗಾರರು ಆಕಾಶ ನೋಡುತ್ತಾ ಕಾಯುವ ಹೂಮಳೆ ಗುಡುಗಿನೊಂದಿಗೇ ಬರುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳೂ ಹಾಗೆಯೇ. ಅಕ್ಟೋಬರ್‌ನ ಚಿತ್ತೆ, ಸ್ವಾತಿಗಳೂ ಹಾಗೆಯೇ.

ಕಾರಣ ಸರಳ. ಮುಂಗಾರಿನಲ್ಲಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಒತ್ತಿ ಮೇಲೇರುತ್ತದೆ. ಆಗ ಕವಿಯುವ ಮೋಡ ಅಗಲವಾಗಿರುತ್ತದೆ, ಆದರೆ ಬಹಳ ಎತ್ತರಕ್ಕೆ ಬೆಳೆಯುವುದು ಕಡಿಮೆ. ಏಪ್ರಿಲ್‌ನಲ್ಲಿ ಹಾಗಲ್ಲ. ಬೆಳಗ್ಗಿನಿಂದ ಕಾದ ನೆಲ ಗಾಳಿಯನ್ನು ನೆಟ್ಟಗೆ ಮೇಲಕ್ಕೆ ತಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೋಡ 12ರಿಂದ 15 ಕಿಲೋಮೀಟರ್ ಎತ್ತರಕ್ಕೂ ಬೆಳೆಯಬಲ್ಲದು. ಅಷ್ಟು ಎತ್ತರದಲ್ಲಿ ಮಂಜುಗಡ್ಡೆ ಇರುತ್ತದೆ. ಮಂಜುಗಡ್ಡೆ ಇಲ್ಲದೆ ಸಿಡಿಲು ಹುಟ್ಟುವುದು ತೀರಾ ಅಪರೂಪ.

ಈ ಗುಡುಗು ಮಳೆಗಳು ಹೆಚ್ಚಾಗಿ ಬರುವುದು ಮಧ್ಯಾಹ್ನ 2ರಿಂದ ಸಂಜೆ 7ರ ನಡುವೆ. ಶಾಲೆ ಬಿಡುವ ಹೊತ್ತೂ ಅದೇ. ಏಪ್ರಿಲ್, ಮೇ ತಿಂಗಳಲ್ಲಂತೂ ಬೇಸಿಗೆ ರಜೆ: ಮಕ್ಕಳು ಮೈದಾನದಲ್ಲಿ, ಹೊಳೆಯಲ್ಲಿ, ತೋಟದಲ್ಲಿ ಇರುತ್ತಾರೆ. 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಬಯಲಲ್ಲಿ, ಹೊಲದಲ್ಲಿ, ಮರದಡಿಯಲ್ಲಿ ಸಿಕ್ಕಿಬಿದ್ದವರಿಗೇ ಅಪಾಯ ಹೆಚ್ಚು.

ಮೋಡದೊಳಗೆ ನಡೆಯುವುದೇನು?

ಗುಡುಗು ಮೋಡದ ನಡುಭಾಗದಲ್ಲಿ ಹಗುರವಾದ ಹಿಮದ ಹರಳುಗಳೂ ತೂಕದ ಮೆತ್ತನೆ ಆಲಿಕಲ್ಲುಗಳೂ ಇರುತ್ತವೆ. ಹರಳುಗಳನ್ನು ಗಾಳಿ ಮೇಲಕ್ಕೆ ಒಯ್ಯುತ್ತದೆ, ಆಲಿಕಲ್ಲು ಕೆಳಗಿಳಿಯುತ್ತದೆ. ದಾರಿಯಲ್ಲಿ ಎರಡೂ ಡಿಕ್ಕಿ ಹೊಡೆಯುತ್ತವೆ. ಪ್ರತಿ ಡಿಕ್ಕಿಯಲ್ಲೂ ಒಂದಿಷ್ಟು ವಿದ್ಯುದಾವೇಶ ಇದರಿಂದ ಅದಕ್ಕೆ ದಾಟುತ್ತದೆ. ಕೋಟಿಗಟ್ಟಲೆ ಡಿಕ್ಕಿಗಳಾದ ಮೇಲೆ ಮೋಡದ ಮೇಲ್ಭಾಗದಲ್ಲಿ ಧನ ಆವೇಶ, ಕೆಳಭಾಗದಲ್ಲಿ ಋಣ ಆವೇಶ ಶೇಖರವಾಗುತ್ತದೆ. ಮೋಡದ ಕೆಳಗಿನ ನೆಲದಲ್ಲಿ, ಅಂದರೆ ಮರ, ಮನೆ, ನೀವು ಎಲ್ಲ ಇರುವಲ್ಲಿ, ಅದಕ್ಕೆ ಎದುರಾಗಿ ಧನ ಆವೇಶ ಕೂಡಿಕೊಳ್ಳುತ್ತದೆ.

ಇದರ ಚಿಕ್ಕ ರೂಪವನ್ನು ನೀವೇ ಮಾಡಿ ನೋಡಬಹುದು. ಪ್ಲಾಸ್ಟಿಕ್ ಬಾಚಣಿಗೆಯಿಂದ ಒಣ ಕೂದಲನ್ನು 20 ಸಲ ಬಾಚಿ, ಉಗುರಿನಷ್ಟು ಸಣ್ಣ ಕಾಗದದ ಚೂರುಗಳ ಮೇಲೆ ಹಿಡಿಯಿರಿ; ಚೂರುಗಳು ನೆಗೆದು ಅಂಟಿಕೊಳ್ಳುತ್ತವೆ. ತಲೆಗೆ ಎಣ್ಣೆ ಹಚ್ಚಿದ್ದರೆ ಪ್ರಯೋಗ ಕೆಡುತ್ತದೆ. ಮಳೆಗಾಲದಲ್ಲಿ ಮಡಿಕೇರಿಯ ಮಂಜಿನ ನಡುವೆ ಮಾಡಿದರೂ ಕೆಡುತ್ತದೆ, ಏಕೆಂದರೆ ತೇವದ ಮೇಲ್ಮೈಯಿಂದ ಆವೇಶ ಸೋರಿಹೋಗುತ್ತದೆ. ಜನವರಿ, ಫೆಬ್ರವರಿಯ ಒಣ ಮಧ್ಯಾಹ್ನ ಇದಕ್ಕೆ ಒಳ್ಳೆಯ ಸಮಯ. ಗಾಳಿಪಟ ಹಾರಿಸಿ ಮಿಂಚು ಹಿಡಿಯುವ ಪ್ರಯೋಗ ಮಾತ್ರ ಬೇಡವೇ ಬೇಡ. ಬೆಂಜಮಿನ್ ಫ್ರಾಂಕ್ಲಿನ್ 1752ರಲ್ಲಿ ಮಾಡಿ ಬದುಕಿದ ಎಂದು ಪುಸ್ತಕದಲ್ಲಿ ಓದಿರುತ್ತೀರಿ. ಮರುವರ್ಷ, 1753ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗೇಯಾರ್ಗ್ ರಿಕ್ಮನ್ ಎಂಬ ವಿಜ್ಞಾನಿ ಸಿಡಿಲಿನ ವಿದ್ಯುತ್ತನ್ನು ಅಳೆಯಲು ಹೋಗಿ ಸತ್ತ.

ಮೋಡದಲ್ಲಿ ವಿದ್ಯುತ್ ಒತ್ತಡ ಹೆಚ್ಚಾಗಿ ಗಾಳಿ ತಡೆಯಲಾರದೆ ಹೋದಾಗ ಕಣ್ಣಿಗೆ ಸರಿಯಾಗಿ ಕಾಣದ ಒಂದು ಎಳೆ ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದು ಮೆಟ್ಟಿಲಿಗೆ ಸುಮಾರು 50 ಮೀಟರ್‌ನಂತೆ, ಕೆಳಗಿಳಿಯುತ್ತದೆ. ಅದು ನೆಲಕ್ಕೆ ಹತ್ತಿರವಾಗುತ್ತಿದ್ದಂತೆ ಎತ್ತರದ ವಸ್ತುಗಳ ತುದಿಯಿಂದ ಚಿಕ್ಕ ಕಿಡಿಗಳು ಮೇಲಕ್ಕೆ ಚಾಚುತ್ತವೆ. ಮರದ ತುದಿಯಿಂದ, ಕಂಬದಿಂದ, ಬಯಲಲ್ಲಿ ನಿಂತ ಮನುಷ್ಯನ ತಲೆಯಿಂದಲೂ. ಎರಡೂ ಕೂಡಿದ ಕ್ಷಣ ದಾರಿ ತೆರೆಯಿತು. ಸುಮಾರು 30,000 ಆಂಪಿಯರ್ ವಿದ್ಯುತ್ ಹರಿಯುತ್ತದೆ. ನಿಮ್ಮ ಮನೆಯ ಗೋಡೆಯ ಸಾಮಾನ್ಯ ಪ್ಲಗ್ 5 ಆಂಪಿಯರಿನದು. ಕೆಲವೇ ಸೆಂಟಿಮೀಟರ್ ದಪ್ಪದ ಆ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ, ಸೂರ್ಯನ ಮೇಲ್ಮೈಗಿಂತ ಐದು ಪಟ್ಟು. ಹಾಗೆ ಕಾದ ಗಾಳಿ ಸಿಡಿದು ಹಿಗ್ಗುವ ಸದ್ದೇ ಗುಡುಗು. ಹತ್ತಿರದಲ್ಲಿ ಬಿದ್ದರೆ ಚಟಾರನೆ ಒಂದೇ ಏಟು. ದೂರದ್ದಾದರೆ ಕಿಲೋಮೀಟರ್‌ಗಟ್ಟಲೆ ಉದ್ದದ ಮಿಂಚಿನ ಬೇರೆ ಬೇರೆ ಭಾಗದ ಸದ್ದು ಬೇರೆ ಬೇರೆ ಹೊತ್ತಿಗೆ ಕಿವಿ ಮುಟ್ಟುತ್ತದೆ, ಬೆಟ್ಟಗಳ ಮಾರ್ದನಿಯೂ ಸೇರುತ್ತದೆ, ಅದಕ್ಕೇ ಆ ಗುಡುಗುಡು.

ಸಿಡಿಲು ಮೈಗೆ ಬರುವ ದಾರಿಗಳು

ಸಿಡಿಲು ಎಂದರೆ ನೆತ್ತಿಯ ಮೇಲೆ ನೇರ ಬೀಳುವುದು ಎಂದೇ ಹಲವರ ಎಣಿಕೆ. ಹಾಗೆ ನೇರ ಬೀಳುವುದು ಕಡಿಮೆ. ಹೆಚ್ಚು ಜನರನ್ನು, ದನಕರುಗಳನ್ನು ಕೊಲ್ಲುವುದು ನೆಲದಲ್ಲಿ ಹರಡುವ ವಿದ್ಯುತ್. ಕೆರೆಗೆ ಕಲ್ಲು ಬಿದ್ದಾಗ ಅಲೆ ಹರಡುವ ಹಾಗೆ ಅದು ಸಿಡಿಲು ಬಿದ್ದ ಜಾಗದಿಂದ ಸುತ್ತಲೂ ಹರಡಿ ದೂರ ಹೋದಷ್ಟೂ ಕ್ಷೀಣಿಸುತ್ತದೆ. ನಿಮ್ಮ ಒಂದು ಕಾಲು ಬಿದ್ದ ಜಾಗಕ್ಕೆ ಹತ್ತಿರ, ಇನ್ನೊಂದು ದೂರ ಇದ್ದರೆ ಎರಡರ ನಡುವಿನ ವ್ಯತ್ಯಾಸದಿಂದ ವಿದ್ಯುತ್ ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ನಡುವೆ ಹೃದಯ ಬೇರೆ. ಒಂದೇ ಮರದಡಿಯಲ್ಲಿ ನಿಂತ ಹಲವು ಹಸುಗಳು ಒಟ್ಟಿಗೆ ಸಾಯುವುದು ಹೀಗೆ. ಕಾಲು ಜೋಡಿಸಿ ಕುಳಿತುಕೊಳ್ಳಿ, ಮಲಗಬೇಡಿ ಎಂದು ಹೇಳುವುದೂ ಇದಕ್ಕೇ.

ಇನ್ನೊಂದು ದಾರಿ ಮರದಿಂದ ಹಾರುವ ಕಿಡಿ. ಸಿಲ್ವರ್ ಓಕ್‌ಗೆ ಬಡಿದ ಸಿಡಿಲು ಕಾಂಡದಲ್ಲಿ ಇಳಿಯುವಾಗ ಒಳಗಿನ ರಸ ಕ್ಷಣದಲ್ಲಿ ಆವಿಯಾಗಿ ತೊಗಟೆ ಸೀಳುತ್ತದೆ. ಪಕ್ಕದಲ್ಲಿ ನಿಂತ ಮನುಷ್ಯನ ಮೈಯಲ್ಲಿ ಮರಕ್ಕಿಂತ ಸುಲಭದ ದಾರಿ ಸಿಕ್ಕರೆ ವಿದ್ಯುತ್ ಅತ್ತ ಜಿಗಿಯುತ್ತದೆ. ಮರದಡಿ ನಿಲ್ಲಬೇಡಿ ಎನ್ನುವುದು ಬರೀ ಕೊಂಬೆ ಬೀಳುವ ಭಯಕ್ಕಲ್ಲ. ಮೂರನೆಯ ದಾರಿ ಲೋಹ. ಒಂದು ಕಡೆ ಸಿಡಿಲು ತಾಗಿದ ತಂತಿ ಬೇಲಿ ಬಹು ದೂರದಲ್ಲಿ ಬೇಲಿ ಮುಟ್ಟಿಕೊಂಡು ನಿಂತವನಿಗೂ ಹೊಡೆಯಬಲ್ಲದು. ಆನೆಗೆಂದು ಹಾಕಿದ ಸೋಲಾರ್ ಬೇಲಿ, ರೈಲ್ವೆ ಕಂಬಿಯ ತಡೆಗೋಡೆ, ತೋಟದ ಮುಳ್ಳುತಂತಿ ಎಲ್ಲಕ್ಕೂ ಈ ಮಾತು ಅನ್ವಯ.

ಹಂತ 1: ದಾರಿಯ ನಕ್ಷೆ ಬರೆಯಿರಿ

ಇದನ್ನು ಬಿಸಿಲಿರುವ ದಿನ ಮಾಡಿ. ಪೇಟೆಯ ಮಕ್ಕಳಿಗೆ ಹತ್ತು ಹೆಜ್ಜೆಗೊಂದು ಕಟ್ಟಡ ಸಿಗುತ್ತದೆ. ಕೊಡಗಿನ ಬಹಳಷ್ಟು ಮನೆಗಳು ತೋಟದ ನಡುವೆ ಒಂಟಿ. ಬಸ್ಸಿಳಿದು ಒಂದೆರಡು ಕಿಲೋಮೀಟರ್ ನಡೆಯಬೇಕಾದ ಮಕ್ಕಳೂ ಇದ್ದಾರೆ. ಮೋಡ ಗುಡುಗಿದ ಮೇಲೆ ಎಲ್ಲಿಗೆ ಓಡಲಿ ಎಂದು ಯೋಚಿಸಿದರೆ ತಡವಾಯಿತು.

ಒಂದು ಹಾಳೆಯಲ್ಲಿ ಮನೆಯಿಂದ ಶಾಲೆಗೆ, ಶಾಲೆಯಿಂದ ಮೈದಾನಕ್ಕೆ, ಅಂಗಡಿಗೆ ಹೋಗುವ ದಾರಿ ಎಳೆಯಿರಿ. ನುಗ್ಗಬಹುದಾದ ಜಾಗಗಳನ್ನು ಹಸಿರಿನಲ್ಲಿ ಗುರುತಿಸಿ: ಶಾಲೆ, ಅಂಗನವಾಡಿ, ಪಂಚಾಯತಿ ಕಟ್ಟಡ, ಪರಿಚಯದವರ ಮನೆ. ನಾಲ್ಕು ಕಡೆ ಗೋಡೆ, ಗಟ್ಟಿ ಛಾವಣಿ, ಒಳಗೆ ಕರೆಂಟ್ ಮತ್ತು ನೀರಿನ ಸಂಪರ್ಕ ಇರುವ ಕಟ್ಟಡವಾದರೆ ಉತ್ತಮ, ಏಕೆಂದರೆ ಸಿಡಿಲು ಬಿದ್ದರೂ ವಯರಿಂಗ್, ಪೈಪು, ಕಾಂಕ್ರೀಟಿನೊಳಗಿನ ಕಂಬಿಗಳ ಮೂಲಕ ಹೆಚ್ಚಿನದು ನೆಲ ಸೇರುತ್ತದೆ.

ಕೆಂಪಿನಲ್ಲಿ ಗುರುತಿಸಬೇಕಾದವು ಆಸರೆಯಂತೆ ಕಂಡು ಮೋಸ ಮಾಡುವ ಜಾಗಗಳು. ಮೂರು ಗೋಡೆಯ ಬಸ್ ತಂಗುದಾಣ ಮಳೆಗೆ ಸರಿ, ಸಿಡಿಲಿಗಲ್ಲ. ಕಾಡುಹಂದಿ, ಆನೆ ಕಾಯಲು ಗದ್ದೆಯಲ್ಲಿ ಕಟ್ಟಿದ ಅಟ್ಟಣೆ, ಕಾಫಿ ಕಣದ ಪಕ್ಕದ ತಗಡಿನ ಚಪ್ಪರ, ಪಂಪ್‌ಹೌಸ್, ಮೈದಾನದ ಶಾಮಿಯಾನ, ಕಬ್ಬಿಣದ ಗ್ಯಾಲರಿ ಎಲ್ಲ ಕೆಂಪು. ದೇವರಕಾಡಿನ ಹೆಮ್ಮರಗಳೂ ಕೆಂಪೇ.

ಪ್ರತಿ ಕೆಂಪು ಜಾಗದಿಂದ ಹತ್ತಿರದ ಹಸಿರು ಜಾಗಕ್ಕೆ ನಡೆಯಲು ಎಷ್ಟು ನಿಮಿಷ ಬೇಕು ಎಂದು ನಿಜವಾಗಿ ನಡೆದು ನೋಡಿ, ನಕ್ಷೆಯಲ್ಲಿ ಬರೆಯಿರಿ. ಹತ್ತು ನಿಮಿಷಕ್ಕಿಂತ ಹೆಚ್ಚು ಎಂದಾದರೆ ಆ ಭಾಗವನ್ನು ಮೋಡ ಕಟ್ಟಿದ ಮಧ್ಯಾಹ್ನ ದಾಟದಿರುವುದೇ ಒಳ್ಳೆಯದು. ಶಾಲೆಯಲ್ಲೇ ಅರ್ಧ ತಾಸು ಉಳಿಯಲು ಮೇಷ್ಟ್ರ ಬಳಿ ಮೊದಲೇ ಮಾತಾಡಿಟ್ಟುಕೊಳ್ಳಿ.

ವಾಹನದ ಬಗ್ಗೆ ಒಂದು ಮಾತು. ತಗಡಿನ ಛಾವಣಿಯ ಕಾರು, ಬಸ್ಸು ಕಿಟಕಿ ಮುಚ್ಚಿದ್ದರೆ ಸುರಕ್ಷಿತ. ಟಯರಿನ ರಬ್ಬರ್ ಕಾಪಾಡುತ್ತದೆ ಎಂದು ಬಹುತೇಕರು ನಂಬಿದ್ದಾರೆ, ಅದು ತಪ್ಪು. ಲೋಹದ ಕವಚದ ಹೊರಮೈಯಲ್ಲೇ ವಿದ್ಯುತ್ ಹರಿದು ನೆಲಕ್ಕೆ ಹೋಗುತ್ತದೆ, ಒಳಗಿದ್ದವರನ್ನು ಮುಟ್ಟುವುದಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಳ್ಳಿ, ಬಾಗಿಲಿನ ಲೋಹ ಮುಟ್ಟಬೇಡಿ. ಸುತ್ತಲೂ ಲೋಹದ ಕವಚವಿಲ್ಲದ ಕಾರಣ ಟಾರ್ಪಾಲಿನ್ ಹೊದಿಸಿದ ಜೀಪು, ಪಿಕಪ್‌ನ ಹಿಂಭಾಗ, ಆಟೋ, ಬೈಕ್, ಟ್ರ್ಯಾಕ್ಟರ್ ಯಾವುದೂ ಆಗದು. ಗಮ್‌ಬೂಟಿನ ಕಥೆಯೂ ಟಯರಿನದೇ: ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿ ಬಂದ ವಿದ್ಯುತ್ತಿಗೆ ಒಂದು ಬೆರಳು ದಪ್ಪದ ರಬ್ಬರ್ ಯಾವ ಲೆಕ್ಕ?

ಹಂತ 2: ಆಕಾಶವನ್ನೂ ಫೋನನ್ನೂ ನೋಡಿ

ಬೆಳಗ್ಗೆ ಹವಾಮಾನ ಇಲಾಖೆಯ ಸೂಚನೆ ನೋಡುವ ಅಭ್ಯಾಸ ಮನೆಯಲ್ಲಿರಲಿ. ಮೊಬೈಲಿನಲ್ಲಿ ‘ದಾಮಿನಿ’ ಆ್ಯಪ್ ಹಾಕಿಸಿಕೊಳ್ಳಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ ಇದು ನೀವಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಬಿದ್ದ ಸಿಡಿಲನ್ನು ತೋರಿಸುತ್ತದೆ, ಬರಬಹುದಾದದ್ದಕ್ಕೂ ಎಚ್ಚರಿಸುತ್ತದೆ. ಲೊಕೇಶನ್ ಆನ್ ಇರಬೇಕು, ನೋಟಿಫಿಕೇಶನ್‌ಗೆ ಅನುಮತಿ ಕೊಟ್ಟಿರಬೇಕು. ಇವೆರಡನ್ನು ಮರೆತರೆ ಆ್ಯಪ್ ಇದ್ದೂ ಇಲ್ಲದಂತೆ. ನಮ್ಮ ತೋಟಗಳಲ್ಲಿ ನೆಟ್‌ವರ್ಕ್ ಸಿಗುವುದೇ ಕೆಲವು ತಿರುವುಗಳಲ್ಲಿ. ಕರೆಂಟ್ ಹೋದರೆ ಟವರ್ ಕೂಡ ಸುಮ್ಮನಾಗುವುದುಂಟು. ಆದ್ದರಿಂದ ಆ್ಯಪ್ ಸುಮ್ಮನಿದೆ ಎಂದರೆ ಸಿಡಿಲಿಲ್ಲ ಎಂದರ್ಥವಲ್ಲ.

ಆಕಾಶದ ಗುರುತುಗಳು ಹೀಗೆ. ಹೂಕೋಸಿನಂತೆ ಉಬ್ಬಿದ ಬಿಳಿ ಮೋಡ ನೋಡನೋಡುತ್ತಾ ಎತ್ತರವಾಗುವುದು; ಅದರ ತಲೆ ಚಪ್ಪಟೆಯಾಗಿ ಒಂದು ಪಕ್ಕಕ್ಕೆ ಹರಡುವುದು; ಬುಡ ಕಪ್ಪಾಗುವುದು; ಧಗೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸುವುದು. ಆ ತಣ್ಣನೆ ಗಾಳಿ ಬಂದಿತೆಂದರೆ ಮೋಡದಿಂದ ಮಳೆ ಈಗಾಗಲೇ ಬಿದ್ದಿದೆ. ಭಾಗಮಂಡಲ, ಗಾಳಿಬೀಡಿನಂಥ ಕಡೆ ಮಂಜು ಕವಿದು, ಬೆಟ್ಟ ಅಡ್ಡ ನಿಂತು ಮೋಡವೇ ಕಾಣುವುದಿಲ್ಲ. ಅಲ್ಲಿ ಕಿವಿಯೇ ಕಣ್ಣು. ರೇಡಿಯೋ ಇದ್ದರೆ ಎಎಂ ತರಂಗದಲ್ಲಿ ಕರ್ರ್ ಎಂಬ ಸದ್ದು ಮತ್ತೆ ಮತ್ತೆ ಬರುವುದು ದೂರದ ಮಿಂಚಿನ ಗುರುತು.

ಹಂತ 3: ಎಣಿಸಿ, ಆದರೆ ಕಾಯಬೇಡಿ

ಮಿಂಚಿನ ಬೆಳಕು ತಕ್ಷಣ ಕಾಣುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್‌ನಂತೆ ನಿಧಾನವಾಗಿ ಬರುತ್ತದೆ, ಅಂದರೆ ಒಂದು ಕಿಲೋಮೀಟರಿಗೆ 3 ಸೆಕೆಂಡು. ಮಿಂಚು ಕಂಡೊಡನೆ ‘ಒಂದು ಕಾವೇರಿ, ಎರಡು ಕಾವೇರಿ, ಮೂರು ಕಾವೇರಿ’ ಎಂದು ಎಣಿಸಿ. ಅವಸರವಿಲ್ಲದೆ ಹೇಳಿದರೆ ಒಂದೊಂದಕ್ಕೆ ಒಂದು ಸೆಕೆಂಡು. ಗಡಿಯಾರ ಇಟ್ಟುಕೊಂಡು ಮೊದಲೇ ಅಭ್ಯಾಸ ಮಾಡಿ: 30 ಕಾವೇರಿಗೆ ಅರ್ಧ ನಿಮಿಷ ಆಗಬೇಕು. ಚಿಕ್ಕ ಮಕ್ಕಳು ಹೆದರಿದಾಗ ಬೇಗ ಬೇಗ ಎಣಿಸಿಬಿಡುತ್ತಾರೆ, ಆಗ ಸಿಡಿಲು ಇರುವುದಕ್ಕಿಂತ ದೂರ ಇದ್ದಂತೆ ಲೆಕ್ಕ ಬರುತ್ತದೆ. ಗುಡುಗು ಕೇಳಿದಾಗ ನಿಲ್ಲಿಸಿ, ಬಂದ ಸಂಖ್ಯೆಯನ್ನು 3ರಿಂದ ಭಾಗಿಸಿ. 9 ಬಂದರೆ 3 ಕಿಲೋಮೀಟರ್, 15 ಬಂದರೆ 5, 30 ಬಂದರೆ 10.

ಮೂವತ್ತು ಅಥವಾ ಅದಕ್ಕಿಂತ ಕಡಿಮೆ ಎಣಿಕೆ ಬಂದರೆ ನೀವು ಅಪಾಯದ ಒಳಗಿದ್ದೀರಿ ಎಂಬುದು ಜಗತ್ತಿನ ಹಲವೆಡೆ ಹೇಳುವ ನಿಯಮ. ಹತ್ತು ಕಿಲೋಮೀಟರ್ ದೂರವೆಂದು ನಿರಾಳವಾಗಬೇಡಿ. ಒಂದು ಸಿಡಿಲು ಬಿದ್ದಲ್ಲಿಂದ ಮುಂದಿನದು ಅಷ್ಟು ದೂರಕ್ಕೂ ನೆಗೆಯುತ್ತದೆ, ಮಳೆ ಹನಿಯೇ ಇಲ್ಲದ ಬಿಸಿಲಿನಲ್ಲೂ ಬೀಳುತ್ತದೆ. ಕೊಡಗಿನಲ್ಲಂತೂ ನಿಯಮವನ್ನು ಇನ್ನೂ ಬಿಗಿ ಮಾಡಬೇಕು. ಬೆಟ್ಟ ಸದ್ದನ್ನು ತಡೆಯುತ್ತದೆ, ಎದುರುಗಾಳಿ ನುಂಗುತ್ತದೆ, ಜಿಂಕ್ ಶೀಟಿನ ಮೇಲೆ ಮಳೆ ಸುರಿಯುವಾಗ ಪಕ್ಕದವನ ಮಾತೇ ಕೇಳುವುದಿಲ್ಲ. ಆದ್ದರಿಂದ ಇಲ್ಲಿನ ಮಕ್ಕಳಿಗೆ ಲೆಕ್ಕ ಒಂದೇ: ಮೊದಲ ಗುಡುಗು ಕೇಳಿಸಿತು, ಎಷ್ಟು ಎಣಿಕೆ ಬಂದರೂ ಸರಿ, ಒಳಗೆ ಹೊರಡಿ. ಎಣಿಸುವುದನ್ನು ಒಳಗೆ ಕುಳಿತು ಮುಂದುವರಿಸಬಹುದು. ಸಂಖ್ಯೆ ಕಡಿಮೆಯಾಗುತ್ತಿದ್ದರೆ ಮೋಡ ಹತ್ತಿರ ಬರುತ್ತಿದೆ. ಅಜ್ಜಿ ಹೇಳಿಕೊಟ್ಟ ‘ಅರ್ಜುನ, ಫಲ್ಗುಣ, ಪಾರ್ಥ’ ಎಂಬ ಹತ್ತು ಹೆಸರುಗಳನ್ನೂ ಒಳಗೆ ಕುಳಿತೇ ಹೇಳಿ. ಭಯ ಕಡಿಮೆಯಾಗುತ್ತದೆ, ಅದೂ ಒಂದು ಉಪಕಾರವೇ.

ಮತ್ತೆ ಹೊರಗೆ ಹೋಗುವುದು ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ. ನಡುವೆ ಇನ್ನೊಂದು ಗುಡುಗಿತೋ, ಎಣಿಕೆ ಮತ್ತೆ ಸೊನ್ನೆಯಿಂದ. ಹೆಚ್ಚಿನ ಮಕ್ಕಳು ಎಡವುವುದು ಇಲ್ಲೇ. ಮಳೆ ನಿಂತಿದೆ, ಅಂಗಳದಲ್ಲಿ ಆಲಿಕಲ್ಲು ಬಿದ್ದಿದೆ, ಗಾಳಿಗೆ ಕಾಡುಮಾವು ಉದುರಿದೆ, ಹೋಗಿ ಆಯದಿದ್ದರೆ ತಮ್ಮ ಆಯ್ದುಬಿಡುತ್ತಾನೆ. ಆಲಿಕಲ್ಲು ಕರಗುತ್ತದೆ, ನಿಜ. ಕರಗಲಿ.

ಹಂತ 4: ಮನೆಯೊಳಗೂ ನಿಯಮಗಳಿವೆ

ಟಿವಿ, ಮಿಕ್ಸಿ, ಇನ್ವರ್ಟರ್, ವೈಫೈ ಪೆಟ್ಟಿಗೆ ಇವುಗಳ ಪ್ಲಗ್ಗನ್ನು ಗುಡುಗು ದೂರವಿರುವಾಗಲೇ ಗೋಡೆಯಿಂದ ಕಿತ್ತುಬಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಆಕಾಶವನ್ನೇ ದಾಟಿ ಬಂದ ವಿದ್ಯುತ್ತಿಗೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಸಂದು ಅಡ್ಡಿಯಲ್ಲ. ಕರೆಂಟ್ ಹೆಚ್ಚಾದಾಗ ತಾನಾಗಿ ಬೀಳುವ ಸ್ವಿಚ್, ಅಂದರೆ ಎಂಸಿಬಿ, ಇದೆ ಎಂಬ ಧೈರ್ಯವೂ ಬೇಡ, ಅದು ಬೀಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಡಿಶ್ ಕೇಬಲ್ಲನ್ನೂ ತೆಗೆಯಿರಿ, ಬಹಳ ಮನೆಗಳಲ್ಲಿ ಟಿವಿ ಸುಡುವುದು ಆ ದಾರಿಯಿಂದಲೇ. ಸಿಡಿಲು ತೀರಾ ಹತ್ತಿರ ಬಂದ ಮೇಲೆ ಮಾತ್ರ ಪ್ಲಗ್ ಮುಟ್ಟಲು ಹೋಗಬೇಡಿ. ಟಿವಿ ಹೋದರೆ ಹೋಗಲಿ.

ಮೊಬೈಲ್ ಫೋನ್ ಸಿಡಿಲನ್ನು ಸೆಳೆಯುವುದಿಲ್ಲ. ಚಾರ್ಜಿಗೆ ಹಾಕಿದ ಫೋನಿನಲ್ಲಿ ಮಾತಾಡುವುದು ಅಪಾಯ, ವಯರ್ ಇರುವ ಹಳೆಯ ಫೋನೂ ಅಪಾಯ. ಚಾರ್ಜರ್‌ನಿಂದ ಬಿಡಿಸಿದ ಮೊಬೈಲನ್ನು ಧಾರಾಳವಾಗಿ ಬಳಸಬಹುದು.

ಸ್ನಾನ, ಪಾತ್ರೆ ತೊಳೆಯುವುದು, ನಲ್ಲಿ ತಿರುಗಿಸುವುದು ನಿಲ್ಲಲಿ. ಕಬ್ಬಿಣದ ಗ್ರಿಲ್ಲಿನ ಜಗಲಿಯಲ್ಲಿ ನಿಂತು ಮಳೆ ನೋಡುವ ಖುಷಿ ಕೊಡಗಿನವರಿಗೆ ಬಿಡಲಾಗದ್ದು, ಆದರೂ ಗುಡುಗುವಷ್ಟು ಹೊತ್ತು ಒಳಕೋಣೆಯಲ್ಲಿರಿ. ಕಿಟಕಿ, ಬಾಗಿಲಿನಿಂದ ದೂರ ಇರಿ. ಕಾಂಕ್ರೀಟ್ ಗೋಡೆಗೆ ಒರಗಬೇಡಿ, ನೆಲದ ಮೇಲೆ ಮಲಗಬೇಡಿ. ಮರದ ಮಂಚ, ಕುರ್ಚಿ ಒಳ್ಳೆಯದು. ಶೀಟ್ ಹೊದಿಸಿದ, ತೋಟದ ಕಾರ್ಮಿಕರ ಲೈನ್ ಮನೆಯಾದರೆ ಕೋಣೆಯ ನಡುವೆ, ಕರೆಂಟಿನ ವಯರ್ ಇಳಿದಿರುವ ಗೋಡೆಯಿಂದ ದೂರ ಕುಳಿತುಕೊಳ್ಳಿ. ಪಕ್ಕಾ ಕಟ್ಟಡದಷ್ಟು ಸುರಕ್ಷಿತವಲ್ಲ, ಹೊರಗಿಗಿಂತ ಖಂಡಿತ ಮೇಲು. ಸಿಡಿಲಿನ ಹೊತ್ತಿನಲ್ಲಿ ಅಂಗಳಕ್ಕೆ ಕತ್ತಿ ಎಸೆಯುವ ರೂಢಿ ಕೆಲವು ಮನೆಗಳಲ್ಲಿದೆ. ಕತ್ತಿ ಸಿಡಿಲನ್ನು ತಡೆಯುವುದಿಲ್ಲ. ಎಸೆಯಲು ಬಾಗಿಲಾಚೆ ಕಾಲಿಟ್ಟವರಿಗೇ ಅಪಾಯ.

ಹಂತ 5: ಹೊರಗೇ ಸಿಕ್ಕಿಬಿದ್ದರೆ

ಹೊರಗೆ ಪೂರ್ತಿ ಸುರಕ್ಷಿತ ಜಾಗವೆಂಬುದೇ ಇಲ್ಲ. ಮುಂದೆ ಹೇಳುವುದೆಲ್ಲ ಅಪಾಯವನ್ನು ಕಡಿಮೆ ಮಾಡುವ ಉಪಾಯಗಳು ಅಷ್ಟೇ. ನಡೆದು ತಲುಪಬಹುದಾದ ಕಟ್ಟಡವಿದ್ದರೆ ಮಳೆಯಲ್ಲಿ ನೆನೆದಾದರೂ ಅಲ್ಲಿಗೇ ಹೋಗಿ.

ತೋಟದಲ್ಲಿ: ಸುತ್ತಲೂ ಮರಗಳೇ ಇರುವಾಗ ಮರದಿಂದ ದೂರ ನಿಲ್ಲು ಎಂದರೆ ಎಲ್ಲಿ ನಿಲ್ಲುವುದು? ಏರಿನ ನೆತ್ತಿ ಬಿಟ್ಟು ಇಳಿಜಾರಿನ ಕೆಳಗೆ, ಎತ್ತರದ ಮರಗಳಿಗಿಂತ ಗಿಡ್ಡ ಮರಗಳು ಒತ್ತಾಗಿರುವ ಕಡೆಗೆ ಸರಿಯಿರಿ. ಯಾವ ಕಾಂಡದಿಂದಲೂ ಕನಿಷ್ಠ 3 ಮೀಟರ್, ಸಾಧ್ಯವಾದರೆ ಇನ್ನೂ ಹೆಚ್ಚು ದೂರವಿರಿ. ಹೊರಗೆ ಎದ್ದ ಬೇರಿನ ಮೇಲೆ ಕಾಲಿಡಬೇಡಿ. ಒಂಟಿಯಾಗಿ ಎದ್ದುನಿಂತ ಮರ ಎಲ್ಲಕ್ಕಿಂತ ಕೆಟ್ಟದ್ದು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ, ಸ್ಪ್ರಿಂಕ್ಲರ್ ಪೈಪು, ದೋಟಿ ಇವನ್ನು ಹೊತ್ತುಕೊಂಡು ಓಡಬೇಡಿ, ಅಲ್ಲೇ ನೆಲಕ್ಕೆ ಹಾಕಿ ಹೋಗಿ.

ಗದ್ದೆಯಲ್ಲಿ: ಬಯಲಿನಲ್ಲಿ ನೀವೇ ಎತ್ತರದ ವಸ್ತು, ಕಾಲಡಿ ನೀರು ಬೇರೆ. ಮೊದಲ ಗುಡುಗಿಗೇ ಏರಿ ಹತ್ತಿ ಮನೆಯತ್ತ ನಡೆಯಿರಿ. ಕೊಡೆ ಮಡಚಿ. ದನ ಕಾಯಲು ಹೋಗಿದ್ದರೆ ಹಗ್ಗ ಬಿಟ್ಟುಬಿಡಿ, ಅವು ತಾವಾಗಿ ಕೊಟ್ಟಿಗೆಗೆ ಬರುತ್ತವೆ.

ನೀರಿನಲ್ಲಿ: ಕಾವೇರಿ, ಲಕ್ಷ್ಮಣತೀರ್ಥ, ಹಾರಂಗಿ ಹಿನ್ನೀರು, ಮನೆಯ ಕೆರೆ, ಎಲ್ಲಿ ಈಜುತ್ತಿದ್ದರೂ ತಕ್ಷಣ ಮೇಲೆ ಬನ್ನಿ. ಬಡಿದ ವಿದ್ಯುತ್ ನೀರಿನ ಮೇಲ್ಮೈಯಲ್ಲಿ ಹರಡುತ್ತದೆ. ಸತ್ತೇ ಹೋಗದಿದ್ದರೂ ಕೈಕಾಲು ಮರಗಟ್ಟಿದರೆ ಮುಳುಗುವುದು ಖಚಿತ. ಗಾಳದ ಕೋಲನ್ನು ದಡದಲ್ಲೇ ಬಿಡಿ.

ಮೈದಾನದಲ್ಲಿ: ಕರಡ ಗ್ರಾಮದಲ್ಲಿ 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬ ನಡೆಯುವುದು ಸರಿಯಾಗಿ ಈ ಗುಡುಗಿನ ತಿಂಗಳುಗಳಲ್ಲೇ. ಊರಿನ ಮೈದಾನಗಳಲ್ಲಿ ಮಕ್ಕಳ ಆಟವೂ ಆಗಲೇ. ಗೋಲ್‌ಕಂಬ, ಗ್ಯಾಲರಿ, ಶಾಮಿಯಾನದ ಕಬ್ಬಿಣದ ಕಂಬ, ಫ್ಲಡ್‌ಲೈಟ್ ಗೋಪುರ ಎಲ್ಲ ಎತ್ತರ, ಎಲ್ಲ ಲೋಹ. ಪಂದ್ಯ ನಿಲ್ಲಿಸುವುದು ಯಾರ ಕೆಲಸ ಎಂದು ಆಟಕ್ಕೆ ಮೊದಲೇ ಒಬ್ಬರಿಗೆ ಒಪ್ಪಿಸಿ. ‘ಇನ್ನೈದು ನಿಮಿಷ, ಪಂದ್ಯ ಮುಗಿದೇ ಹೋಯಿತು’ ಎನ್ನುವವರ ಮಾತಿಗೆ ಅವರು ಬಗ್ಗಬಾರದು. ಜನ ಹೆಚ್ಚಿದ್ದಷ್ಟೂ ಕರಗಲು ಹೊತ್ತು ಬೇಕು, ಆದ್ದರಿಂದ ಸೀಟಿ ಅಷ್ಟು ಬೇಗ ಊದಬೇಕು.

ಬೆಟ್ಟದಲ್ಲಿ: ಜಿಲ್ಲೆಯಲ್ಲೇ ಎತ್ತರದ ತಡಿಯಂಡಮೋಳ್ 1,748 ಮೀಟರ್, ಪುಷ್ಪಗಿರಿ 1,712. ತುದಿಯಲ್ಲಿ ಹುಲ್ಲು ಬಿಟ್ಟರೆ ಆಸರೆಯಿಲ್ಲ. ಏಪ್ರಿಲ್, ಮೇ, ಅಕ್ಟೋಬರ್‌ಗಳಲ್ಲಿ ಬೆಳಕು ಹರಿಯುತ್ತಲೇ ಹತ್ತಿ, ಮಧ್ಯಾಹ್ನ 12ರೊಳಗೆ ತುದಿ ಬಿಟ್ಟು ಇಳಿದಿರಬೇಕು. ಅಕ್ಟೋಬರ್ ನಡುವೆ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದವರು ಮೋಡ ಕಂಡರೆ ಬ್ರಹ್ಮಗಿರಿಯ ನೆತ್ತಿಗೆ ಹತ್ತುವುದನ್ನು ಬಿಡಿ. ಬಂಡೆಯ ಚಾಚಿನ ಕೆಳಗೆ, ಆಳವಿಲ್ಲದ ಗವಿಯ ಬಾಯಲ್ಲಿ ನುಸುಳಬೇಡಿ. ಬಂಡೆಯ ಮೇಲಿಂದ ಹರಿದ ವಿದ್ಯುತ್ ಆ ಬಾಯನ್ನು ನೆಗೆದು ದಾಟುತ್ತದೆ.

ಕೂದಲು ನಿಮಿರಿತು, ಚರ್ಮ ಜುಮ್ಮೆಂದಿತು, ಹತ್ತಿರದ ಲೋಹ ಗುಂಯ್‌ಗುಟ್ಟಿತು ಎಂದರೆ ಸಿಡಿಲು ನಿಮ್ಮತ್ತಲೇ ಬರುತ್ತಿರಬಹುದು. ಆಗ ಮಾತ್ರ ಕೊನೆಯ ಉಪಾಯ: ಎರಡೂ ಪಾದ ಜೋಡಿಸಿ, ಹಿಮ್ಮಡಿಗೆ ಹಿಮ್ಮಡಿ ತಾಗಿಸಿ, ಕುಕ್ಕರಗಾಲಲ್ಲಿ ಕುಳಿತು, ತಲೆ ಬಗ್ಗಿಸಿ, ಅಂಗೈಯಿಂದ ಕಿವಿ ಮುಚ್ಚಿ. ಕೈ, ಮಂಡಿ ನೆಲಕ್ಕೆ ತಾಗಬಾರದು. ಗುಂಪಿನಲ್ಲಿದ್ದರೆ ಕೈ ಹಿಡಿದುಕೊಳ್ಳಬೇಡಿ; ಒಬ್ಬರಿಂದೊಬ್ಬರು 15 ಮೀಟರ್‌ನಷ್ಟು ದೂರ ಸರಿಯಿರಿ, ಒಬ್ಬರಿಗೆ ಬಡಿದರೂ ಉಳಿದವರು ಸಹಾಯಕ್ಕೆ ಬರುವಂತಿರಲಿ. ಹೀಗೆ ಬಹಳ ಹೊತ್ತು ಕುಳಿತಿರಲಾಗದು. ಜುಮ್ಮೆನ್ನುವುದು ನಿಂತೊಡನೆ ಎದ್ದು ಆಸರೆಯತ್ತ ನಡೆಯಿರಿ.

ಹಂತ 6: ಯಾರಿಗಾದರೂ ಬಡಿದರೆ

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಮುಟ್ಟಬಹುದು, ಮುಟ್ಟಲೇಬೇಕು. ಮುಟ್ಟಿದರೆ ನಮಗೂ ಹೊಡೆಯುತ್ತದೆ ಎಂಬ ಭಯದಲ್ಲಿ ಕಳೆದುಹೋಗುವ ನಿಮಿಷಗಳೇ ಜೀವ ತೆಗೆಯುತ್ತವೆ, ಏಕೆಂದರೆ ಇಲ್ಲಿ ಸಾವಿಗೆ ಮುಖ್ಯ ಕಾರಣ ಸುಟ್ಟಗಾಯವಲ್ಲ, ಹೃದಯ ನಿಲ್ಲುವುದು.

ಮೊದಲು 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಇಲ್ಲದಿದ್ದರೆ ಹತ್ತಿರದ ಮನೆಗೆ ಸುದ್ದಿ ಮುಟ್ಟಿಸಿ. ತೋಟದೊಳಗಿನ ಮನೆಗೆ ಆಂಬುಲೆನ್ಸ್ ದಾರಿ ಹುಡುಕುತ್ತಾ ಅಲೆಯದಂತೆ, ಗುಡುಗು ನಿಂತಿದ್ದರೆ ಮುಖ್ಯರಸ್ತೆಯ ತಿರುವಿನಲ್ಲಿ ಒಬ್ಬ ದೊಡ್ಡವರು ನಿಲ್ಲಲಿ.

ಕೂಗಿದರೂ ಭುಜ ತಟ್ಟಿದರೂ ಎಚ್ಚರವಾಗದೆ, ಉಸಿರೂ ಇಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ. ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡವಿಟ್ಟು ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಚದೆ, ದೊಡ್ಡವರಿಗಾದರೆ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಚಿಕ್ಕ ಮಕ್ಕಳಿಗೆ ಒಂದೇ ಕೈ ಸಾಕು, ಆಳ ಎದೆಯ ದಪ್ಪದ ಮೂರನೇ ಒಂದರಷ್ಟು. ಕಲಿತವರಿದ್ದರೆ 30 ಒತ್ತಿಗೆ 2 ಸಲ ಬಾಯಿಂದ ಉಸಿರು ಕೊಡಲಿ. ಗೊತ್ತಿಲ್ಲದಿದ್ದರೆ ಬರೀ ಒತ್ತಿ, ನಿಲ್ಲಿಸಬೇಡಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ, ದಣಿದ ಕೈ ಆಳಕ್ಕೆ ಒತ್ತುವುದಿಲ್ಲ. ಹೈಸ್ಕೂಲು ಮಕ್ಕಳು ಇದನ್ನು ದಿಂಬಿನ ಮೇಲೆ ಅಭ್ಯಾಸ ಮಾಡಬಹುದು.

ಹಲವರಿಗೆ ಒಟ್ಟಿಗೆ ಬಡಿದಿದ್ದರೆ ನರಳುತ್ತಿರುವವರ ಕಡೆಗೇ ಮನಸ್ಸು ಓಡುತ್ತದೆ. ಆದರೆ ಮೊದಲು ನೋಡಬೇಕಾದವರು ಸದ್ದಿಲ್ಲದೆ ಬಿದ್ದವರು. ನರಳುವವರು ಉಸಿರಾಡುತ್ತಿದ್ದಾರೆ, ಅವರು ಕಾಯಬಲ್ಲರು. ಸಗಣಿ ಮೆತ್ತುವುದು, ಮಣ್ಣಿನಲ್ಲಿ ಹೂಳುವುದು, ಬಾಯಿಗೆ ನೀರು ಹೊಯ್ಯುವುದು ಬೇಡ. ಕಾಲು ನೀಲಿಗಟ್ಟಿ ಮರಗಟ್ಟುವುದು, ಚರ್ಮದ ಮೇಲೆ ಜರಿಗಿಡದ ಎಲೆಯಂಥ ಕೆಂಪು ಗುರುತು ಮೂಡುವುದು ಉಂಟು. ಬಹುಪಾಲು ತಾವಾಗಿ ಇಳಿಯುತ್ತವೆ. ಎದ್ದು ನಡೆದಾಡಿದರೂ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಲೇಬೇಕು, ಕಿವಿಯ ತಮಟೆ, ಕಣ್ಣು ತೋರಿಸಬೇಕು.

ಶಾಲೆಯ ದೊಡ್ಡವರಿಗೆ: ಮಿಂಚುವಾಹಕ

ಛಾವಣಿಯ ಮೇಲೆ ಸಿಡಿಲನ್ನು ನೆಲಕ್ಕೆ ಇಳಿಸುವ ಸಲಾಕೆ ಇದ್ದ ಮಾತ್ರಕ್ಕೆ ಕಟ್ಟಡ ಭದ್ರವಲ್ಲ. ಸಲಾಕೆ, ಇಳಿಪಟ್ಟಿ, ನೆಲದ ಅರ್ಥಿಂಗ್ ಮೂರೂ ಕಡಿಯದೆ ಒಂದಕ್ಕೊಂದು ಸೇರಿರಬೇಕು. ಇಲ್ಲಿ ಸಾಮಾನ್ಯವಾಗಿ ಕೆಡುವುದು ಜೋಡಣೆಗಳು: ಆರು ತಿಂಗಳ ತೇವಕ್ಕೆ ಬೋಲ್ಟು ತುಕ್ಕು ಹಿಡಿಯುತ್ತದೆ, ಬಣ್ಣ ಬಳಿಯುವಾಗ ಬಿಚ್ಚಿದ ಪಟ್ಟಿಯನ್ನು ಮತ್ತೆ ಕಟ್ಟುವುದಿಲ್ಲ, ತಾಮ್ರದ ಪಟ್ಟಿ ಕಳವಾಗುತ್ತದೆ. ತುದಿ ಕಡಿದ ವಾಹಕ ಸಿಡಿಲನ್ನು ಗೋಡೆಯೊಳಕ್ಕೆ ಬಿಡುತ್ತದೆ, ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಇಳಿಪಟ್ಟಿಯನ್ನು ತೀಕ್ಷ್ಣವಾಗಿ ಬಾಗಿಸಬಾರದು, ಮಕ್ಕಳು ಕೈ ಹಾಕುವ ಎತ್ತರದಲ್ಲಿ ಪಿವಿಸಿ ಕೊಳವೆ ತೊಡಿಸಬೇಕು. ಅರ್ಥಿಂಗ್ ನಿರೋಧ 10 ಓಮ್‌ಗಿಂತ ಕಡಿಮೆ ಇರಲಿ. ಗುಡ್ಡದ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಈ ಸಂಖ್ಯೆ ಏರುತ್ತದೆ. ಆದ್ದರಿಂದ ಅಳತೆ ಮಾಡಿಸಬೇಕಾದದ್ದು ಮಳೆಗಾಲದಲ್ಲಲ್ಲ, ಮೊದಲ ಹೂಮಳೆಗೆ ಮುಂಚೆ, ಫೆಬ್ರವರಿಯಲ್ಲಿ. ಅರ್ಥಿಂಗ್ ಗುಂಡಿಗೆ ನೀರು ಹಾಕುವ ಕೆಲಸ ವಾರಕ್ಕೊಬ್ಬರ ಸರದಿಯಾಗಲಿ. ವಾಹಕ ಕಟ್ಟಡವನ್ನು ಉಳಿಸುತ್ತದೆ, ಕಂಪ್ಯೂಟರನ್ನಲ್ಲ. ಅದಕ್ಕೆ ಮೀಟರ್ ಬೋರ್ಡಿನಲ್ಲಿ, ಇದ್ದಕ್ಕಿದ್ದಂತೆ ನುಗ್ಗುವ ವಿದ್ಯುತ್ತನ್ನು ತಡೆಯುವ ಸರ್ಜ್ ರಕ್ಷಕ ಬೇರೆಯೇ ಹಾಕಿಸಬೇಕು.

ಮಾರ್ಚ್ ಮೊದಲ ವಾರದಲ್ಲಿ ಒಮ್ಮೆ, ದಸರಾ ರಜೆಗೆ ಮೊದಲು ಇನ್ನೊಮ್ಮೆ ಅಣಕು ಅಭ್ಯಾಸ ಮಾಡಿಸಿ. ಉದ್ದ ಗಂಟೆ ಬಾರಿಸಿದ ಕೂಡಲೇ ಮೈದಾನದ ಕೊನೆಯ ಮಗು ತರಗತಿಯೊಳಗೆ ಬರಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ.

ಮೋಡ ಚದುರಿದ ಮೇಲೆ

ಅರ್ಧ ಗಂಟೆ ಕಳೆದು ಹೊರಗೆ ಕಾಲಿಡುವಾಗ ಮೊದಲು ನೋಡಬೇಕಾದದ್ದು ತಂತಿ. ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ಲೈನಿನ ಮೇಲೆ ಬಿದ್ದಿರುತ್ತದೆ. ಹರಿದ ತಂತಿ ಕಾಫಿ ಗಿಡಗಳ ನಡುವೆ ಕಾಣುವುದೇ ಇಲ್ಲ. ಊರಿಗೆಲ್ಲ ಕರೆಂಟ್ ಹೋಗಿದೆ ಎಂದು ಅದು ಸತ್ತ ತಂತಿ ಎಂದುಕೊಳ್ಳಬೇಡಿ, ಯಾವ ಕ್ಷಣವೂ ಮರಳಿ ಬರಬಹುದು. ಕನಿಷ್ಠ 10 ಮೀಟರ್ ದೂರ ನಿಂತು, ದೊಡ್ಡವರಿಗೆ ಹೇಳಿ ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿಸಿ. ತಿಳಿಯದೆ ಹತ್ತಿರ ಬಂದುಬಿಟ್ಟಿದ್ದರೆ ಓಡಬೇಡಿ. ಪಾದಗಳನ್ನು ನೆಲದಿಂದ ಎತ್ತದೆ, ಒಂದಕ್ಕೊಂದು ತಾಗಿಸಿಕೊಂಡು, ಇಂಚಿಂಚಾಗಿ ಜರುಗುತ್ತಾ ಹಿಂದಕ್ಕೆ ಬನ್ನಿ. ತೊಗಟೆ ಸೀಳಿದ ಮರದ ಕೆಳಗೂ ಕೆಲವು ದಿನ ಹೋಗಬೇಡಿ. ಒಳಗೆ ಬಿರಿದ ಕೊಂಬೆ ಗಾಳಿಯಿಲ್ಲದೆಯೂ ಕಳಚುತ್ತದೆ. ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಸುತ್ತಲಿನ ಕಾಫಿ ಗಿಡಗಳು ಮುಂದಿನ ವಾರಗಳಲ್ಲಿ ಒಣಗತೊಡಗಿದರೆ ಎಷ್ಟು ದೂರದವರೆಗೆ ಒಣಗಿವೆ ಎಂದು ಮನೆಯವರೊಂದಿಗೆ ಹೊರಗಿನಿಂದಲೇ ಅಂದಾಜು ಮಾಡಿ, ಹಂತ 1ರ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ.